ಹಿಂತೆಗೆದುಕೊಂಡ ಪ್ರಸ್ತಾವ

ಲಾನಿಯೋನ್ ಊರಿನ ದೂರಸಂಪರ್ಕ ಪ್ರಯೋಗಾಲಯದಲ್ಲಿ ರೋಜೆನ್ ಮತ್ತು ಈವೋನ್ ಒಂದೇ ಕೋಣೆಯಲ್ಲಿ ಕೂತು ಕೆಲಸ ಮಾಡುತ್ತಿದ್ದರು. ಡೇಟಾ ಜಾಲದಲ್ಲಿ ಕರೆಯೊಂದಕ್ಕೆ ಮುಂದೆ ದಾರಿ ಸಿಗದಿದ್ದರೆ ಅದನ್ನು ಕಡಿದುಹಾಕಬಾರದು, ಹಿಂದಿನ ಸ್ವಿಚ್ಚಿಗೆ ಮರಳಿಸಿ ಬೇರೆ ದಾರಿ ಹುಡುಕಬೇಕು ಎಂಬುದು ಈವೋನ್‌ನ ಪ್ರಸ್ತಾವ. ಅದನ್ನೂ ತಾನು ಬರೆದ ಇನ್ನೊಂದು ಕಲಮನ್ನೂ ಹಿಡಿದು ರೋಜೆನ್ ಜಿನೀವಾಕ್ಕೆ, ಮಾನದಂಡ ಬರೆಯುವ ಸಭೆಗೆ ಹೋದಳು. ಕೊನೆಯ ದಿನ ಉಳಿದವರು, ಎರಡರಲ್ಲಿ ಒಂದನ್ನು ಬಿಟ್ಟುಕೊಡಿ ಎಂದರು. ತನ್ನ ಕಲಂ ಉಳಿಯಲೆಂದು ಅವಳು ಈವೋನ್‌ನದನ್ನು ಹಿಂತೆಗೆದುಕೊಂಡಳು.

"ಯಾರೂ ಒಪ್ಪಲಿಲ್ಲ ಕಣೋ," ಎಂದಳು ಊರಿಗೆ ಬಂದು.

"ಹೋಗ್ಲಿ ಬಿಡೇ, ನೀನು ಹೋರಾಡಿದ್ಯಲ್ಲ, ಸಾಕು," ಎಂದು ಅವನೇ ಸೇಬಿನ ಸೈಡರ್ ಕುಡಿಸಿದ. ಅವಳು ಲೋಟವನ್ನು ಅರ್ಧಕ್ಕೇ ಬಿಟ್ಟು ಎದ್ದಳು.

ಆರು ತಿಂಗಳು ಸಂಕಟಪಟ್ಟು, ಒಂದು ಮಧ್ಯಾಹ್ನ ಊಟದ ಮೇಜಿನಲ್ಲಿ ನಿಜ ಹೇಳಿದಳು. ಈವೋನ್ ಫೋರ್ಕು ಕೆಳಗಿಟ್ಟ.

"ಹಾಗಾದ್ರೆ ಇಷ್ಟು ದಿನ ಎಲ್ಲಿ ತಪ್ಪಿದೆ ಅಂತ ನಾನು ಮತ್ತೆ ಮತ್ತೆ ಲೆಕ್ಕ ಹಾಕ್ತಾ ಕೂತಿದ್ದು ಸುಮ್ನೇನಾ?"

ಮುಂದಿನ ಸಭೆಯಲ್ಲಿ ಅವಳು ಎಲ್ಲರೆದುರು ತಪ್ಪೊಪ್ಪಿಕೊಂಡು ಅವನ ಪ್ರಸ್ತಾವವನ್ನು ಮತ್ತೆ ಮಂಡಿಸಿದಳು. ಹತ್ತೇ ನಿಮಿಷದಲ್ಲಿ ಒಪ್ಪಿಗೆ ಸಿಕ್ಕಿತು. ಅಲ್ಲಿಂದಲೇ ಫೋನ್ ಮಾಡಿದಳು.

"ಸಂತೋಷ. ನಿಮಗೆ ತೊಂದ್ರೆ ಆಯ್ತು," ಎಂದ ಈವೋನ್.

ಅವನ ಬಾಯಲ್ಲಿ ತನಗೆ 'ನೀವು' ಎಂಬ ಮಾತನ್ನು ರೋಜೆನ್ ಕೇಳಿದ್ದು ಅದೇ ಮೊದಲು.