ಎಡಗೈ ಗಂಟು

ದೆವ್ವ, ಶಕುನ ಅಂತ ಯಾರಾದರೂ ಶುರು ಮಾಡಿದರೆ ಚಹಾದ ನೆಪ ಹೇಳಿ ಎದ್ದು ಹೋಗುವವನು ನಾನು. ಓಣಿಯಲ್ಲಿ ಯಾರಾದರೂ ಮಗ್ಗಕ್ಕೆ ಲಿಂಬೆಹಣ್ಣು ಕಟ್ಟಿದರೆ, "ಅದನ್ನ ಪಾನಕ ಮಾಡ್ರಿ, ದಣದವ್ರಿಗಾದ್ರೂ ಆಗತೈತಿ" ಎಂದು ನಗುತ್ತಿದ್ದೆ. ಹಾಗಾಗಿ ಇದನ್ನು ಬರೆಯಲು ನನಗೇ ಸಂಕೋಚ. ನಂಬಿ ಎಂದು ಕೇಳುವುದಿಲ್ಲ, ನಡೆದದ್ದನ್ನಷ್ಟೇ ಹೇಳುತ್ತೇನೆ.

ನಮ್ಮದು ರಬಕವಿಯ ನೇಕಾರರ ಮನೆ. ಅವ್ವನಿಗೆ ಲಕ್ವಾ ಹೊಡೆದು ಆಗ ಎರಡು ವರ್ಷವಾಗಿತ್ತು. ಮಾತು ಹೋಗಿತ್ತು, ಎಡಗೈ ಪೂರ್ತಿ ಬಿದ್ದುಹೋಗಿತ್ತು. ಅವ್ವ ಎಡಚಿ, ಅವಳ ಕೆಲಸವೆಲ್ಲ ಆ ಕೈಯದೇ. ಮಗ್ಗದಿಂದ ಸೀರೆ ಇಳಿಸಿದ ಮೇಲೆ ಸೆರಗಿನ ತುದಿಯಲ್ಲಿ ಉಳಿಯುವ ಎಳೆಗಳನ್ನು ಗೊಂಚಲು ಗೊಂಚಲಾಗಿ ಹೊಸೆದು ಗಂಟು ಹಾಕುವುದು ನಮ್ಮಲ್ಲಿ ಹೆಂಗಸರ ಕೆಲಸ. ಉಳಿದವರು ಬಲಕ್ಕೆ ಹೊಸೆದರೆ ಅವ್ವ ಎಡಕ್ಕೆ ಹೊಸೆಯುತ್ತಿದ್ದಳು. ಮೊದಲನೆಯದು ಗಣಪನದೆಂದು ಅದಕ್ಕೆ ಎರಡು ಗಂಟು ಹಾಕುತ್ತಿದ್ದಳು. ಕಣ್ಣು ಮುಚ್ಚಿ ಮುಟ್ಟಿದರೂ ಅವಳ ಗಂಟು ನನಗೆ ತಿಳಿಯುತ್ತಿತ್ತು.

ಅವ್ವನ ತಪಾಸಣೆಯ ಕಾಗದಗಳನ್ನೆಲ್ಲ ಹಿಡಿದು ನಾನು, ನನ್ನ ಹೆಂಡತಿ ಸುನಂದಾ ಪುಣೆಯ ದೊಡ್ಡ ಡಾಕ್ಟರ ಹತ್ತಿರ ಹೋಗಿದ್ದೆವು. ಅವರು ಹಾಳೆ ತಿರುವಿ, ಇನ್ನು ಮಾಡುವಂಥದ್ದೇನೂ ಇಲ್ಲ, ಚೆನ್ನಾಗಿ ನೋಡಿಕೊಳ್ಳಿ ಎಂದರು. ನೋಡಿಕೊಂಡೇ ನಾವು ಹಣ್ಣಾಗಿದ್ದೆವು. ಎರಡು ವರ್ಷದಲ್ಲಿ ಗಂಡ ಹೆಂಡತಿ ಇಬ್ಬರೂ ಒಂದೇ ಹೊತ್ತಿಗೆ ಮಲಗಿದ್ದು ನೆನಪಿಲ್ಲ. ಹೋದ ಕೆಲಸದ ಜತೆಗೆ ಹೊಸ ಸೀರೆಯೊಂದನ್ನು ಅಲ್ಲಿಯ ಗಿರಾಕಿಯೊಬ್ಬರಿಗೆ ಒಯ್ದಿದ್ದೆವು. ಸೆರಗಿಗೆ ಗಂಟೇ ಹಾಕಿಲ್ಲವಲ್ಲ ಎಂದು ಅವರು ಅದನ್ನೂ ತಿರುಗಿ ಕೊಟ್ಟರು.

ವಾಪಸು ಬರುವಾಗ ವಾಯಿ ಕಡೆಯ ತಿರುವು ಕಂಡಿತು. ಸುತ್ತಿ ಬಳಸಿ ಹೇಳುವುದಿಲ್ಲ, ನನಗೆ ಮನೆಗೆ ಹೋಗುವುದು ಬೇಡವಾಗಿತ್ತು. ಕಾರು ಮಹಾಬಳೇಶ್ವರದ ಘಾಟಿಗೆ ಹೊರಳಿಸಿದೆ.

"ಎಲ್ಲಿಗ್ರೀ? ಅತ್ತಿ ಹಾದಿ ಕಾಯ್ತಿರ್ತಾರ," ಎಂದಳು ಸುನಂದಾ.

"ಅಕ್ಕ ಅದಾಳಲ್ಲ ಮನ್ಯಾಗ. ಘಾಟಿ ಮ್ಯಾಲಿನ ಕೆರಿ ನೋಡಿ, ಒಂದೀಟು ಕುಂತು ಹೋಗೂಣು."

ಅವಳು ಸೀಟಿಗೆ ತಲೆಯಾನಿಸಿದಳು. ನಾನು ಇಬ್ಬರ ಫೋನನ್ನೂ ಬಂದ್ ಮಾಡಿದೆ.

ಕೆರೆಯ ದಂಡೆಯಲ್ಲಿ ಕುದುರೆ, ದೋಣಿ, ಸುಟ್ಟ ಗೋವಿನಜೋಳ, ಹೊಸ ಜೋಡಿಗಳ ಫೋಟೊ. ನಮಗೆ ದೋಣಿ ಹತ್ತುವ ಉಮೇದೂ ಇರಲಿಲ್ಲ. ಎದುರಿನ ಸಣ್ಣ ಲಾಡ್ಜಿನಲ್ಲಿ ಕೋಣೆ ಹಿಡಿದು, ಒಳಗಿನಿಂದ ಚಿಲಕ ಹಾಕಿ ಮಧ್ಯಾಹ್ನವೇ ಮಲಗಿದೆವು. ಥಂಡಿ ಇತ್ತು. ಸುನಂದಾ ಆ ಹೊಸ ಸೀರೆಯನ್ನೇ ಇಬ್ಬರ ಮೇಲೂ ಹೊದಿಸಿದಳು. ಅಂಥ ನಿದ್ದೆ ನಾನು ಎಷ್ಟೋ ವರ್ಷದಿಂದ ಮಾಡಿರಲಿಲ್ಲ.

ಎದ್ದಾಗ ಕಿಟಕಿಯಲ್ಲಿ ಇನ್ನೂ ಬಿಸಿಲಿತ್ತು. ಸೀರೆ ಮಡಚಲು ಸೆರಗು ಹಿಡಿದೆ, ಬೆರಳಿಗೆ ಗಂಟು ತಾಗಿತು. ಅರ್ಧ ಸೆರಗಿಗೆ ಗಂಟು ಬಿದ್ದಿತ್ತು. ಮೊದಲನೆಯದಕ್ಕೆ ಎರಡು, ಎಲ್ಲವೂ ಎಡಕ್ಕೆ ಹೊಸೆದದ್ದು. ಅದರಾಚೆಯ ಒಂದು ಗೊಂಚಲನ್ನು ಹೊಸೆದು, ಗಂಟು ಹಾಕದೆ ಬಿಡಲಾಗಿತ್ತು.

"ಯಾವಾಗ ಹಾಕಿದಿ ಇದನ್ನ?" ಎಂದೆ.

ಸುನಂದಾ ಮುಟ್ಟಿ ನೋಡಿದಳು. "ನಂದು ಬಲಗೈರೀ," ಎಂದವಳು ಅಳತೊಡಗಿದಳು. "ಇದು ಅತ್ತಿ ಕೈ."

ಬಾಗಿಲ ಚಿಲಕ ಹಾಕಿದಂತೆಯೇ ಇತ್ತು. ಫೋನು ಚಾಲೂ ಮಾಡಿದರೆ ಅಕ್ಕ ಕರೆ ಮಾಡಿದ್ದಳೆಂಬ ಸಂದೇಶಗಳ ಸಾಲೇ ಬಂತು. ಅವ್ವ ಹೋದಳು ಎಂದೇ ಅಂದುಕೊಂಡೆ. ತಿರುಗಿ ಫೋನು ಹಚ್ಚುವ ಧೈರ್ಯವಾಗಲಿಲ್ಲ. ಕುಡಚಿ ಸೇತುವೆ, ತೇರದಾಳ ದಾಟಿ ಎಲ್ಲೂ ನಿಲ್ಲದೆ ಮನೆಗೆ ಬಂದೆವು.

ಅವ್ವ ಇದ್ದಳು. ಕಣ್ಣು ಬಿಟ್ಟುಕೊಂಡು ಬಾಗಿಲನ್ನೇ ನೋಡುತ್ತಿದ್ದಳು. ಅಕ್ಕ ಮಾತ್ರ ನನ್ನ ಮೇಲೆ ಹರಿಹಾಯ್ದಳು. "ಎಲ್ಲಿ ಸತ್ತಿದ್ಯೋ? ಮಧ್ಯಾಹ್ನ ಅವ್ವನ ಎಡಗೈ ಆಡಾಕತ್ತಿತ್ತು! ಹೊದಿಕಿ ಅಂಚು ಹಿಡದು ಹೊಸ್ಯಾಕತ್ತಿದ್ಲು. ನಿನಗ ತೋರಸಬೇಕಂತ ಎಷ್ಟು ಫೋನ್ ಹಚ್ಚಿದೆ. ಕಡೀಕ ನಿನ್ನ ಹೆಸರು ತಗೊಂಡು, 'ಬರ್ತಾನ ತಡಿಯವ್ವಾ' ಅಂದೆ. ಕೈ ನಿಂತಬಿಡ್ತು."

ಆ ಕೈ ಮತ್ತೆ ಆಡಲಿಲ್ಲ. ಮುಂದೆ ಕೆಲವೇ ವಾರಗಳಲ್ಲಿ ಅವ್ವ ತೀರಿಕೊಂಡಳು.

ಸೀರೆ ಟ್ರಂಕಿನಲ್ಲಿದೆ. ಉಳಿದರ್ಧಕ್ಕೆ ಗಂಟು ಹಾಕಲು ಸುನಂದಾ ಯಾರಿಗೂ ಬಿಡುವುದಿಲ್ಲ. ದಣಿದ ಮಕ್ಕಳು ಮಲಗಲಿ ಎಂದು ಅತ್ತೆ ನಮ್ಮ ಕೆಲಸ ತಾನು ಮಾಡಿದಳು ಎನ್ನುತ್ತಾಳೆ. ಇರಬಹುದು. ಮನೆಗೆ ಬಾ ಎಂದು ಕರೆದಳೇನೋ ಎಂದು ನನಗೆ ಅನ್ನಿಸುತ್ತದೆ. ನಿದ್ದೆಗಣ್ಣಿನಲ್ಲಿ ನಾನೇ ಹಾಕಿದೆನೇ ಎಂದು ಎಷ್ಟೋ ಸಲ ದಾರ ಹಿಡಿದು ಎಡಕ್ಕೆ ಹೊಸೆದು ನೋಡಿದ್ದೇನೆ, ಬರುವುದಿಲ್ಲ. ಆ ಗಂಟು ಯಾರು ಹಾಕಿದರೆಂದು ಇವತ್ತಿಗೂ ನನಗೆ ಗೊತ್ತಿಲ್ಲ. ಫೋನು ಬಂದ್ ಮಾಡಿದ್ದು ಯಾರೆಂಬುದು ಗೊತ್ತು.