ಆಹ್ವಾನಿತ ಕಿವಿಗಳು

ಮುಚ್ಚಿದ ಬಾಗಿಲ ಮುಂದೆ ನಿಲ್ಲುವುದು ನನ್ನ ವೃತ್ತಿಯ ಒಂದು ಭಾಗ. ವರದಿಗಾರನಾದ ನನ್ನನ್ನು ಎಷ್ಟೋ ಸಭೆಗಳಿಂದ ಎಬ್ಬಿಸಿ ಕಳಿಸಿದ್ದಾರೆ, ಸಿಟ್ಟು ಬಂದಿಲ್ಲ. ಆ ಜನ ಹೊರಗೆ ಹಾಕುವ ಮೊದಲು ಚಹಾವನ್ನಾದರೂ ಕೊಡುತ್ತಿದ್ದರು. ಆದರೆ ಮೊಬೈಲಿನಲ್ಲಿ ಕಂಡ ಒಂದು ಸಾಲು ಈಚೆಗೆ ನನ್ನ ನೆತ್ತಿ ಬಿಸಿ ಮಾಡಿತು: ‘ಆಹ್ವಾನಿತ ಸದಸ್ಯರಿಗೆ ಮಾತ್ರ.’

ಕುಂದಗೋಳದ ಸುತ್ತಿನ ಹಳೆಯ ಸಂಗೀತ ಬೈಠಕ್‌ಗಳ ಧ್ವನಿಮುದ್ರಣಗಳನ್ನು ಕೆಲವು ರಸಿಕರು ಅಂತರ್ಜಾಲದ ಒಂದು ವೇದಿಕೆಯಲ್ಲಿ ಕೂಡಿಟ್ಟಿದ್ದಾರೆ. ಒಳಗೆ ಹೋಗಲು ಸದಸ್ಯರೊಬ್ಬರು ಕರೆಯಬೇಕು. ಕರೆಸಿಕೊಂಡವರು ಬೇರೆಲ್ಲೂ ಸಿಗದ ಒಂದು ಮುದ್ರಣ ತರಬೇಕು. ಒಳಗಿನದನ್ನು ಹೊರಗಿನವರಿಗೆ ಕೇಳಿಸುವಂತಿಲ್ಲ.

ಬೀಜದ ಅಂಗಡಿಯ ಶಿವಾನಂದ, ನನ್ನ ಸಹಪಾಠಿ, ಅಲ್ಲಿನ ಸದಸ್ಯ. ಸಂಶಿಯಲ್ಲಿ ಬಟ್ಟೆ ಹೊಲಿಯುವ ಮುಮತಾಜಳ ಅಂಗಡಿಗೆ ಹೆಂಡತಿಯ ಜಂಪರ್ ಒಯ್ಯಲು ಬಂದವನು ಸುಮ್ಮನೆ ಹೋಗಲಿಲ್ಲ. ಅವಳ ತಂದೆ ತಬಲಾ ನುಡಿಸಿದ ಬೈಠಕ್ ಒಂದರ ಮುದ್ರಣ ತಮ್ಮಲ್ಲಿದೆ ಎಂದುಬಿಟ್ಟ. ತಂದೆ ತೀರಿಕೊಂಡು ವರ್ಷಗಳಾಗಿವೆ. ಮನೆಯಲ್ಲಿ ಅವರ ಫೋಟೋ ಇದೆ, ಅವರು ನುಡಿಸಿದ ಒಂದು ಪೆಟ್ಟೂ ಇಲ್ಲ.

“ಒಮ್ಮಿ ಕೇಳಸ್ರಿ ಅಣ್ಣಾರ.”

“ನಿಯಮ ಐತೆವ್ವಾ, ನನ್ನ ತಗದ ಒಗೀತಾರ. ನೀ ಒಂದು ರಿಕಾರ್ಡಿಂಗ್ ತಂದ ಕೊಡು, ನಾನ ಕರೀತೀನಿ.”

“ನಮ್ಮಪ್ಪನ ಕೈನ ಅದರಾಗ ಐತಿ. ಇನ್ನೇನ ತಂದ ಕೊಡ್ಲಿ?”

ಹರಿದ ಚೀಲಕ್ಕೆ ಹೊಲಿಗೆ ಹಾಕಿಸಲು ಹೋದ ನಾನು ಇದನ್ನೆಲ್ಲ ಕೇಳುತ್ತ ಕುಳಿತಿದ್ದೆ.

ಎರಡೂ ಕಡೆಯ ಮಾತು ಕೇಳುವುದು ನನಗೆ ಅಂಟಿದ ಚಟ. ಶಿವಾನಂದನ ವಾದವೂ ಇದೆ. ಬಾಗಿಲು ತೆರೆದಿಟ್ಟರೆ ರಾಗಗಳ ನಡುವೆ ಶುಭೋದಯದ ಗುಲಾಬಿ ಚಿತ್ರಗಳು ಬಂದು ಬೀಳುತ್ತವೆ. ಇಲ್ಲಿಂದ ಕದ್ದು ಅಲ್ಲಿ ಮಾರುವವರೂ ಇದ್ದಾರೆ. ಒಪ್ಪಿದೆ. ಆದರೆ ಆ ಬೈಠಕ್‌ಗಳಿಗೆ ಆಹ್ವಾನ ಯಾರಿಗಿತ್ತು? ಒಳಗೆ ಜಾಗವಿಲ್ಲದಿದ್ದರೆ ಜನ ಕಟ್ಟೆಯ ಮೇಲೆ, ಕಟ್ಟೆ ತುಂಬಿದರೆ ನಿಲ್ಲಿಸಿದ ಚಕ್ಕಡಿ ಗಾಡಿಯ ಮೇಲೆ ಕೂಡುತ್ತಿದ್ದರು. ಕಿಟಕಿಯಾಚೆಯಿಂದ ‘ವಾಹ್’ ಬಂದರೆ ಗಾಯಕರು ಆ ಕಡೆಗೂ ಕೈಯೆತ್ತುತ್ತಿದ್ದರು. ಇಂದು ಈ ಗಂಭೀರ ಶ್ರೋತೃಗಳು ಬೀಗ ಹಾಕಿ ಕಾಯುತ್ತಿರುವ ಮುದ್ರಣಗಳಲ್ಲಿ ಕೇಳಿಬರುವ ಕೆಮ್ಮು ಬಹುಪಾಲು ಕರೆಯದೆ ಬಂದವರದು!

ಸಿಟ್ಟಿನಲ್ಲೇ ನಾನೂ ಸದಸ್ಯತ್ವ ಕೇಳಿದೆ. ‘ನೀವು ಎಂಥ ಕೇಳುಗರು?’ ಎಂಬ ಪ್ರಶ್ನೆ ಬಂತು. ‘ರಾಗ ತಿಳಿಯದಿದ್ದರೂ ಸರಿಯಾದ ಜಾಗದಲ್ಲಿ ತಲೆ ಆಡಿಸುತ್ತೇನೆ’ ಎಂದು ಬರೆದು, ಅಳಿಸಿ, ಇನ್ನಷ್ಟು ಘನವಾದದ್ದೊಂದನ್ನು ಬರೆದೆ. ಆಮೇಲೆ ನಾಚಿಕೆಯಾಯಿತು. ಹೊರಗುಳಿದವನನ್ನು ಚುಚ್ಚುವುದು ತಪ್ಪಿಹೋದ ಹಾಡಲ್ಲ. ಇಷ್ಟು ದಿನ ಇಲ್ಲದ ಅನುಮಾನದಿಂದ ತನ್ನ ಯೋಗ್ಯತೆಯನ್ನು ತಾನೇ ಮುಟ್ಟಿ ನೋಡಿಕೊಳ್ಳಬೇಕಾಗುವುದು.

ಶಿವಾನಂದನನ್ನು ಹಿಡಿದು ಕೂಡಿಸಿ, ಆ ಮುದ್ರಣದ ವಿವರ ಓದಿಸಿದೆ. ಹಳೆಯ ಕ್ಯಾಸೆಟ್ಟಿನ ಮೇಲಿದ್ದುದನ್ನೇ ಇಳಿಸಿಕೊಂಡಿದ್ದರು: ಗಾಯಕರ ಹೆಸರು, ರಾಗ, ಅಂದು ಊಟ ಹಾಕಿಸಿದ ಮನೆತನದ ಹೆಸರು. ತಬಲಾ ಎಂಬಲ್ಲಿ ‘ತಿಳಿದಿಲ್ಲ’. ಹೋಳಿಗೆ ಬಡಿಸಿದವರಿಗೆ ಇತಿಹಾಸದಲ್ಲಿ ಜಾಗ, ಬೆಳಗಿನ ತನಕ ತಾಳ ಹಿಡಿದವರಿಗಿಲ್ಲ.

“ನೀ ಆ ಬೈಠಕ್‌ಗೆ ಹೋಗಿದ್ದೆಲ್ಲೋ, ನಿನಗ ಗೊತ್ತಿತ್ತಲ್ಲ?”

“ಗೊತ್ತಿತ್ತಪಾ. ಯಾರೂ ಕೇಳಲಿಲ್ಲ.”

ಅವನ ಕೈಯಿಂದಲೇ ವೇದಿಕೆಯವರಿಗೆ ಬರೆಸಿದೆ. ವಿಶೇಷಣಗಳಿಲ್ಲದ ಸುದ್ದಿ: ತಬಲಾ ನುಡಿಸಿದವರ ಹೆಸರು ಇದು, ಊರು ಸಂಶಿ, ಮಗಳು ಇದ್ದಾಳೆ, ಅವಳು ಇದನ್ನು ಕೇಳಿಲ್ಲ. ಉತ್ತರ ಬೇಗ ಬಂತು. ಮುಮತಾಜಳಿಗೆ ಏನನ್ನೂ ತರದೆ ಸದಸ್ಯತ್ವ. ನನ್ನ ಅರ್ಜಿ ಮಾತ್ರ ತಿರಸ್ಕೃತ.

ಅವಳು ಮೊದಲ ಸಲ ಕೇಳಿದ ದಿನ ನಾನು ಅಂಗಡಿಯಲ್ಲಿದ್ದೆ. “ಸದಸ್ಯರಿಗಷ್ಟ ಅಂತ್ರಿ ಸಾಹೇಬ್ರ, ನೀವು ಕಿವಿ ಮುಚ್ಚಿಕೋರ್ರಿ,” ಎಂದು ನಗುತ್ತ ಫೋನನ್ನು ಹೊಲಿಗೆ ಯಂತ್ರದ ಮೇಲಿಟ್ಟು ಧ್ವನಿ ಪೂರ್ತಿ ಏರಿಸಿದಳು. ಆಲಾಪ ಮುಗಿದು ತಬಲಾ ಎದ್ದಿತು. ನಗು ನಿಂತಿತು. ಸೀರೆಗೆ ಫಾಲ್ ಹಚ್ಚಿಸಲು ಬಂದಿದ್ದ ನೆರೆಮನೆಯ ಹೆಂಗಸು ಸ್ವಲ್ಪ ಹೊತ್ತು ಹೊಸ್ತಿಲಲ್ಲೇ ನಿಂತಳು.

“ಚಂದ ಬಾರಸ್ತಾರಲ್ಲ ಬೇ, ಯಾರದು?”

ಮುಮತಾಜ ಫೋನಿನ ಧ್ವನಿ ತಗ್ಗಿಸಲಿಲ್ಲ. ಓಣಿಗೆಲ್ಲ ಕೇಳುವಂತೆ ತನ್ನದನ್ನೇ ಏರಿಸಿದಳು.

“ನಮ್ಮಪ್ಪ!”