ತಾಯಿ ಕ್ಲಾಸಿನೊಳಗಿನ ಹುಣ್ಣಿಮೆ

ಬೈಲಹೊಂಗಲದಲ್ಲಿ ಗೊಬ್ಬರದ ಅಂಗಡಿಯೊಂದರ ಮೇಲಿನ ಕೋಣೆಯೇ ನಮ್ಮ ಆಫೀಸು. ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಗಳಾಗಿದ್ದವು. ವೆಬ್‌ಸೈಟ್ ಮಾಡುವವರು ಇಬ್ಬರೇ: ಪುಣೆಯಲ್ಲಿ ಕೋರ್ಸ್ ಮುಗಿಸಿ ಬಂದಿದ್ದ ಸರ್, ಡಿಪ್ಲೊಮಾ ಮುಗಿಸಿ ಸವದತ್ತಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ನಾನು.

ಸವದತ್ತಿಯ ಒಂದು ಲಾಡ್ಜಿನ ಕೆಲಸ ಸಿಕ್ಕಿತು. ಕೋಣೆ ಬುಕ್ ಮಾಡಲು ತಾರೀಖು ಆರಿಸುವ ಪುಟ್ಟ ಕ್ಯಾಲೆಂಡರ್ ಬೇಕಿತ್ತು. ಅದನ್ನು ಒಂದು ಪುಟಕ್ಕೆ ಬರೆದು, ಉಳಿದ ಪುಟಗಳಿಗೆಲ್ಲ ಕಾಪಿ ಮಾಡಿ ಅಂಟಿಸಿದೆ. ವಾರ ಸೋಮವಾರದಿಂದ ಶುರುವಾಗಲಿ ಎಂದು ಲಾಡ್ಜಿನ ಮಾಲೀಕರು ಹೇಳಿದಾಗ ಪುಟ ಪುಟ ಹುಡುಕಿ ತಿದ್ದಿದೆ, ಒಂದನ್ನು ಮರೆತೆ. ಸರ್ ತಲೆಗೆ ಕೈ ಹಚ್ಚಿ ಕೂತರು.

"ಹಿಂಗ ಮಾಡಬಾರದ್ರಿ ಮೇಡಂ. ಆಬ್ಜೆಕ್ಟ್ ಅಂದ್ರ ಏನಂತ ತಿಳ್ಕೋಬೇಕು. ಎಮ್ಮಿ ಅನ್ನೂ ಜಾತಿ ಕ್ಲಾಸು. ನಿಮ್ಮ ಮನ್ಯಾಗಿನ ಎಮ್ಮಿ ಆಬ್ಜೆಕ್ಟು."

"ನಮ್ಮ ಮನ್ಯಾಗ ಎಮ್ಮಿ ಇಲ್ರಿ ಸರ್."

"ಐತಿ ಅಂತ ತಿಳ್ಕೋರಿ!"

ಆ ಇಲ್ಲದ ಎಮ್ಮೆಯ ಕೊಂಬು, ಬಾಲ, ಹಾಲು ಕೇಳಿ ಕೇಳಿ ನನಗೆ ರೋಸಿಹೋಯಿತು. ಕ್ಯಾಲೆಂಡರಿಗೂ ಅದಕ್ಕೂ ಏನು ಸಂಬಂಧ ಎಂದರೆ "ತಡೀರಿ, ಬರತೇನಿ ಅಲ್ಲಿಗೆ" ಎನ್ನುತ್ತಿದ್ದರು, ಬರುತ್ತಿರಲಿಲ್ಲ. ಕಡೆಗೆ ಒಂದು ಮಾತು ತಲೆಗೆ ಹತ್ತಿತು: ಒಂದು ಕಡೆ ಬರೆ, ಎಲ್ಲ ಕಡೆ ಬಳಸು. ಕ್ಯಾಲೆಂಡರನ್ನು ಒಂದೇ ಕಾಂಪೊನೆಂಟ್, ಅಂದರೆ ಬೇಕಾದಲ್ಲಿ ಕೂರಿಸಬಹುದಾದ ಬಿಡಿಭಾಗ, ಮಾಡಿದೆ. ಪುಟಗಳೆಲ್ಲ ಅದನ್ನೇ ಕರೆಯತೊಡಗಿದವು.

ಸರ್‌ಗೆ ಅಷ್ಟು ಸಾಲಲಿಲ್ಲ. ಕ್ಯಾಲೆಂಡರು, ಫೋಟೊ ಚೌಕ, ಫೋನ್ ನಂಬರಿನ ಚೌಕ, ಎಲ್ಲವೂ ಒಂದೇ ತಾಯಿ ಕ್ಲಾಸಿನಿಂದ ಹುಟ್ಟಬೇಕು ಎಂದರು. ತಾಯಿಯಲ್ಲಿ ಬರೆದದ್ದು ಮಕ್ಕಳಿಗೆ ತಾನಾಗಿ ಬರುತ್ತದೆ. ಅದೇ ಹೊತ್ತಿಗೆ, ಹುಣ್ಣಿಮೆಗೆ ದೇವಿಯ ಗುಡ್ಡಕ್ಕೆ ಬರುವವರು ನೇರ ಬಂದೇ ಕೋಣೆ ಹಿಡಿಯುತ್ತಾರೆ, ಆ ದಿನ ಬುಕಿಂಗ್ ಬೇಡ ಎಂದು ಮಾಲೀಕರು ತಿಳಿಸಿದರು. ‘ಹುಣ್ಣಿಮೆಗೆ ಬಂದ್’ ಎಂಬುದನ್ನು ಸರ್ ತಾಯಿಯಲ್ಲೇ ಬರೆದರು.

ಮುಂದಿನ ಹುಣ್ಣಿಮೆಗೆ ಬೆಳಗ್ಗೆಯೇ ಮಾಲೀಕರ ಫೋನ್. "ಏನ್ ಮಾಡಿಟ್ಟೀರಿ ಮಾರಾಯ್ರ? ಫೋಟೊ ಇಲ್ಲ, ನಮ್ಮ ನಂಬರೂ ಇಲ್ಲ. ಲಾಡ್ಜ್ ಮುಚ್ಚೀರೇನು ಅಂತ ಮಂದಿ ಕೇಳಾಕತ್ತಾರ!"

ತಾಯಿಯ ‘ಬಂದ್’ ಫೋಟೊ, ಫೋನ್ ಚೌಕಗಳಿಗೂ ಇಳಿದಿತ್ತು. ಸರ್ ಶಾಂತವಾಗಿ ನನ್ನತ್ತ ತಿರುಗಿದರು. "ಫೋಟೊ ಚೌಕದಾಗ ‘ನನಗ ಹುಣ್ಣಿಮಿ ಬ್ಯಾಡ’ ಅಂತ ಬರೀರಿ. ಫೋನಿನ ಚೌಕದಾಗೂ ಬರೀರಿ."

"ತಾಯಿ ಹೇಳಿದ್ದನ್ನ ಮಕ್ಕಳೆಲ್ಲ ಒಲ್ಲೆ ಅನ್ನೂದಾದ್ರ, ಆ ತಾಯಿ ಯಾಕ ಬೇಕ್ರಿ ಸರ್?"

ಸರ್ ಎದ್ದು ಚಹಾಕ್ಕೆ ಹೋದರು. ಆವತ್ತು ನನ್ನನ್ನು ಕರೆಯಲಿಲ್ಲ.

ಅವರು ಮುನಿಸಿಕೊಂಡಿದ್ದ ದಿನಗಳಲ್ಲಿ ನಾನು ಹುಣ್ಣಿಮೆಯನ್ನು ತಾಯಿಯಿಂದ ಕಿತ್ತೆ. ಕ್ಯಾಲೆಂಡರಿಗೂ ಕೊಡಲಿಲ್ಲ. ‘ಈ ದಿನ ಕೋಣೆ ಕೊಡಬಹುದೇ?’ ಎಂದರೆ ಹೌದು ಅಥವಾ ಇಲ್ಲ ಎನ್ನುವ ಬೇರೆಯೇ ಒಂದು ಆಬ್ಜೆಕ್ಟ್ ಮಾಡಿದೆ. ಕ್ಯಾಲೆಂಡರು ಕೇಳುತ್ತದೆ, ಅದು ಉತ್ತರಿಸುತ್ತದೆ. ಉತ್ತರ ಏಕೆ ಹಾಗೆ ಎಂಬುದು ಕ್ಯಾಲೆಂಡರಿಗೆ ಬೇಕಿಲ್ಲ. ಇಷ್ಟು ಬರೆಯುವಷ್ಟರಲ್ಲಿ ಕರೆಂಟ್ ಹೋಗಿ ಬರೆದದ್ದೆಲ್ಲ ಅಳಿಸಿಹೋಗಿ, ಮತ್ತೆ ಬರೆದು, ಅಳುವುದೊಂದೇ ಬಾಕಿ.

ಆಮೇಲೆ ಕಿತ್ತೂರಿನ ಕಲ್ಯಾಣ ಮಂಟಪದವರು ತಮಗೂ ಅಂಥದ್ದೇ ಬುಕಿಂಗ್ ಕ್ಯಾಲೆಂಡರ್ ಬೇಕೆಂದು ಬಂದರು. ಅವರಿಗೆ ಹುಣ್ಣಿಮೆಯ ಗೊಡವೆಯಿಲ್ಲ. ಮದುವೆಯ ಮರುದಿನ ಮಂಟಪ ತೊಳೆಯಲು ಖಾಲಿ ಬಿಡಬೇಕು, ಅಷ್ಟೇ. ಉತ್ತರ ಹೇಳುವ ಆಬ್ಜೆಕ್ಟನ್ನು ಮಾತ್ರ ಹೊಸದಾಗಿ ಬರೆದೆ. ಊಟದ ಹೊತ್ತಿಗೆ ಮುಗಿಯಿತು. ಸರ್ ಬಂದು ಬಗ್ಗಿ ನೋಡಿದರು.

"ಕ್ಯಾಲೆಂಡರ್ ಮುಟ್ಟೇ ಇಲ್ಲೇನ್ರಿ?"

"ಇಲ್ರಿ ಸರ್."

"ಹೂಂ. ಚಲೋ ಐತಿ."

ಖುಷಿಯಿಂದ ಅವರೇ ಮಂಟಪದ ಯಜಮಾನರಿಗೆ ಫೋನ್ ಮಾಡಿದರು. ಆ ಕಡೆಯ ದನಿ ನನಗೂ ಕೇಳಿಸಿತು: "ಇಷ್ಟ ಲಗೂ ಹೆಂಗ್ ಆತ್ರಿ? ಏನರ ಬಿಟ್ಟಿರಬೇಕು. ಇನ್ನೊಮ್ಮೆ ಚಂದಾಗಿ ಮಾಡ್ರಿ."

"ಆತ್ರಿ, ಮಾಡತೇವಿ" ಎಂದು ಸರ್ ಫೋನಿಟ್ಟರು. ನನ್ನ ಕೆಲಸವನ್ನು ಮುಟ್ಟದೆ ಹಾಗೇ ಇಟ್ಟುಕೊಂಡು, ಹದಿನೈದು ದಿನ ಬಿಟ್ಟು ಕೊಟ್ಟರು. ಯಜಮಾನರು ನೋಡಿ ಹೇಳಿದರು: "ಈಗ ನೋಡ್ರಿ, ಕೆಲಸ ಅಂದ್ರ ಹಿಂಗಿರಬೇಕು."